ಅಕ್ಕೋರನ್ನು ಕೇಳಿ: ಶಾಲೆ ಮೇಷ್ಟ್ರಿಗೂ ಕೆಲಸದ ಜಾಗವೇ

ಶಾಲೆಯಲ್ಲಿ ಕೆಲಸ ಮಾಡುವುದರಿಂದ ನಿಮ್ಮ ಮೈಗೆ, ಜೀವಕ್ಕೆ ಏನಾಗುತ್ತಿದೆ ಬರೆಯಿರಿ ಎಂದು ಕಳೆದ ತಿಂಗಳು ಈ ಅಂಕಣದ ಕೊನೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳ ಬಗ್ಗೆ. ಕಾಂಪೌಂಡಿಲ್ಲ, ಮಕ್ಕಳು ರಸ್ತೆಗೆ ಓಡುತ್ತಾರೆ. ಹೆಂಚು ಒಡೆದಿದೆ, ಮಕ್ಕಳು ನೆನೆಯುತ್ತಾರೆ. ಬರೆದವರ ಸ್ವಂತ ಸಂಕಟ ಕೊನೆಯ ಸಾಲಿನಲ್ಲಿತ್ತು. ಅದಕ್ಕೂ ‘ಇದೇನು ದೊಡ್ಡದಲ್ಲ ಅಕ್ಕೋರೆ, ಆದರೂ’ ಎಂಬ ಪೀಠಿಕೆ. ಈ ಸಲ ಆ ಕೊನೆಯ ಸಾಲುಗಳಿಗೇ ಉತ್ತರ ಬರೆಯುತ್ತೇನೆ. ಒಡೆದ ಹೆಂಚಿನ ಕೆಳಗೆ ಮಗು ಏಳೆಂಟು ವರ್ಷ ಕೂತು ಮುಂದಿನ ಶಾಲೆಗೆ ಹೋಗುತ್ತದೆ. ಶಿಕ್ಷಕಿ ಅಂಥದೇ ಹೆಂಚುಗಳ ಕೆಳಗೆ ಮೂವತ್ತು ವರ್ಷ ನಿಲ್ಲುತ್ತಾಳೆ. ಹೆಸರು ಬೇಡ ಎಂದು ಎಲ್ಲರೂ ಕೇಳಿದ್ದಾರೆ, ಹಾಕಿಲ್ಲ.

ಪ್ರಶ್ನೆ: ಅಕ್ಕೋರೆ, ನಾನು ನಲಿ-ಕಲಿ ತರಗತಿಯವಳು. ಒಂದು, ಎರಡು, ಮೂರನೇ ತರಗತಿ ಒಟ್ಟಿಗೆ. ಶಾಲೆ ಹೆದ್ದಾರಿಗೆ ಅಂಟಿಕೊಂಡೇ ಇದೆ. ಮಧ್ಯಾಹ್ನದ ಹೊತ್ತಿಗೆ ದನಿ ಒಡೆಯುತ್ತದೆ. ಶನಿವಾರ ಬೆಳಗಿನ ಶಾಲೆಗೆ ಬರುವಾಗ ದನಿ ಹೊರಡುವುದೇ ಇಲ್ಲ. ಮುಖ್ಯ ಶಿಕ್ಷಕರು ಜೇಷ್ಠಮಧು ಜಗಿಯಿರಿ ಅನ್ನುತ್ತಾರೆ. ಮೊದಲೆಲ್ಲ ಭಾನುವಾರ ಸುಮ್ಮನಿದ್ದರೆ ಸರಿಹೋಗುತ್ತಿತ್ತು, ಈಗೀಗ ಭಾನುವಾರವೂ ಸರಿಹೋಗುತ್ತಿಲ್ಲ. — ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ತಂಗೀ, ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಆ ಭಾನುವಾರದ ಮಾತು. ವಿಶ್ರಾಂತಿ ಕೊಟ್ಟರೂ ದನಿ ಮರಳದಿದ್ದರೆ ಅದು ಬರೀ ದಣಿವಲ್ಲ. ಹೆಂಗಸರು ಮಾತಾಡುವಾಗ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ಬಡಿಯುತ್ತವೆ. ದಿನಕ್ಕೆ ಐದು ಗಂಟೆ ಕೂಗಿ ಮಾತಾಡಿದರೆ ಬಡಿತ ಬೀಳುವ ಜಾಗದಲ್ಲಿ ಮೊದಲು ಬಾವು, ಆಮೇಲೆ ಸಣ್ಣ ಗಂಟು. ಗಂಟು ಬಂದ ಮೇಲೆ ತಂತುಗಳು ಪೂರ್ತಿ ಕೂಡಿಕೊಳ್ಳುವುದಿಲ್ಲ. ದನಿ ಗೊಗ್ಗರಾಗುತ್ತದೆ, ಅದನ್ನು ಮೀರಲು ಇನ್ನಷ್ಟು ಕೂಗುತ್ತೇವೆ, ಗಂಟು ಬೆಳೆಯುತ್ತದೆ. ಜೇಷ್ಠಮಧು ಗಂಟಲಿಗೆ ಹಿತ, ಬೇಡವೆನ್ನಲಾರೆ. ಆದರೆ ನುಂಗಿದ ಯಾವುದೂ ಧ್ವನಿತಂತುವನ್ನು ಮುಟ್ಟುವುದಿಲ್ಲ. ಅದು ಹೋಗುವುದು ಅನ್ನನಾಳಕ್ಕೆ, ತಂತು ಇರುವುದು ಗಾಳಿಯ ದಾರಿಯಲ್ಲಿ.

ಗೊಗ್ಗರು ಮೂರು ವಾರ ದಾಟಿದ್ದರೆ ಕಿವಿ-ಮೂಗು-ಗಂಟಲು ವೈದ್ಯರ ಹತ್ತಿರ ಹೋಗಿ ತಂತುಗಳನ್ನು ಕನ್ನಡಿಯಲ್ಲೋ ಕ್ಯಾಮೆರಾದಲ್ಲೋ ನೋಡಿಸಲೇಬೇಕು. ಹೊರಗಿನಿಂದ ಟಾರ್ಚ್ ಹಾಕಿ ನೋಡಿ ಆಂಟಿಬಯಾಟಿಕ್ ಬರೆದುಕೊಟ್ಟರೆ ಸಾಲದು. ನಿಮ್ಮಲ್ಲಿ ಆಗದಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ದೂರವೇ, ಆದರೂ ಹೇಳುತ್ತೇನೆ. ದನಿಯ ತೊಂದರೆಗೆಂದೇ ಅಲ್ಲಿ ತಜ್ಞರಿದ್ದಾರೆ. ಆರಂಭದ ಗಂಟು ಚಾಕು ಹಾಕದೆಯೇ, ಧ್ವನಿ ಚಿಕಿತ್ಸೆಯಿಂದ ಕರಗುವುದುಂಟು. ವೈದ್ಯರು ಮೌನ ಬರೆದುಕೊಟ್ಟರೆ ಅವರ ಪ್ರಮಾಣಪತ್ರದ ಮೇಲೆ ಸಿಗುವ ಪರಿವರ್ತಿತ ರಜೆ ಹಾಕಿ. ದನಿ ಕೂತಿದೆ ಎಂದು ರಜೆ ಹಾಕಲು ನಾಚುವ ಶಿಕ್ಷಕಿಯರನ್ನು ತುಂಬಾ ನೋಡಿದ್ದೇನೆ. ಕಾಲು ಮುರಿದ ಚಾಲಕ ಬಸ್ಸು ಓಡಿಸಲಿ ಎಂದು ಯಾರಾದರೂ ಹೇಳುತ್ತಾರೆಯೇ?

ಅಲ್ಲಿಯವರೆಗೆ ಇಷ್ಟು ಮಾಡಿ. ಗಂಟಲು ಕೆರೆದು ಕ್ಯಾಕರಿಸಬೇಡಿ, ಒಂದು ಗುಟುಕು ನೀರು ನುಂಗಿ. ಪಿಸುಮಾತೂ ಬೇಡ, ಒತ್ತಿ ಪಿಸುಗುಟ್ಟಿದರೆ ತಂತುಗಳಿಗೆ ಇನ್ನೂ ಕಷ್ಟ. ಖಾಲಿ ಹೊಟ್ಟೆಯ ಚಹಾ, ರಾತ್ರಿ ಹತ್ತಕ್ಕೆ ಉಂಡು ಕೂಡಲೇ ಮಲಗುವುದು, ಇವೆರಡರಿಂದ ಹುಳಿ ಮೇಲೇರಿ ತಂತುಗಳನ್ನು ಸುಡುತ್ತದೆ. ಹೆದ್ದಾರಿ ಬದಿಯ ಕಿಟಕಿ ಮುಚ್ಚಿ ಎದುರು ಬದಿಯದನ್ನು ತೆರೆಯಿರಿ. ಸುಮ್ಮನಿರಿ ಎಂದು ಕೂಗುವ ಬದಲು ಚಪ್ಪಾಳೆಯೋ ಸಣ್ಣ ಗಂಟೆಯೋ ಇರಲಿ. ಸೊಂಟಕ್ಕೆ ಕಟ್ಟಿಕೊಳ್ಳುವ ಮೈಕು ಒಂದೆರಡು ಸಾವಿರ ರೂಪಾಯಿಗೆ ಬರುತ್ತದೆ. ನಲಿ-ಕಲಿಯಲ್ಲಿ ಮಕ್ಕಳು ಗುಂಪು ಗುಂಪಾಗಿ ಮಾತಾಡುತ್ತಲೇ ಕಲಿಯಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆ ಪದ್ಧತಿ ಶುರುವಾದಾಗಲೂ ಹಾಗೇ, ಈಗಲೂ ಹಾಗೇ. ಹಾಗಾಗಿ ಗದ್ದಲ ನಿಮ್ಮ ಶಿಸ್ತಿನ ದೋಷವಲ್ಲ. ಪಾಠದ ಹೊತ್ತಿನಲ್ಲಿ ತರಗತಿಯ ಹಿನ್ನೆಲೆ ಸದ್ದು 35 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಹೇಳಿತು. ಇಬ್ಬರು ಸಹಜವಾಗಿ ಮಾತಾಡಿದರೇ 60ರ ಹತ್ತಿರ. ಲಾರಿಗಳು ಸಾಗುವ ರಸ್ತೆಯ ಪಕ್ಕದಲ್ಲಿ ನೀವು ದಿನವಿಡೀ ಯಾವುದರ ವಿರುದ್ಧ ಕೂಗುತ್ತಿದ್ದೀರಿ ಲೆಕ್ಕ ಹಾಕಿ.

ಪೋಲೆಂಡಿನಲ್ಲಿ ಅತಿಯಾದ ಧ್ವನಿಶ್ರಮದಿಂದ ಬರುವ ದೀರ್ಘಕಾಲದ ತೊಂದರೆ ವೃತ್ತಿರೋಗಗಳ ಅಧಿಕೃತ ಪಟ್ಟಿಯಲ್ಲೇ ಇದೆ. ನಮ್ಮ ಕಾರ್ಮಿಕ ಕಾನೂನಿನ ಪಟ್ಟಿಯಲ್ಲಿ ಕಲ್ಲುಗಣಿಯ ದೂಳಿನ ಕಾಯಿಲೆ ಇದೆ, ಯಂತ್ರದ ಸದ್ದಿಗೆ ಕಿವುಡಾಗುವುದಿದೆ. ಪಾಠ ಹೇಳಿ ದನಿ ಕಳೆದುಕೊಳ್ಳುವುದಿಲ್ಲ. ಇದಕ್ಕಾಗಿ ಶಿಕ್ಷಕರ ಸಂಘಗಳು ಯಾಕೆ ಕೇಳಿಲ್ಲ ಎಂಬುದು ನನ್ನ ಬಹುಕಾಲದ ಕೊರಗು.

ಪ್ರಶ್ನೆ: ಮೇಡಂ, ನಾವು ಮೂವರು ಶಿಕ್ಷಕಿಯರು. ಶಾಲೆಯಲ್ಲಿ ಹುಡುಗರಿಗೆ, ಹುಡುಗಿಯರಿಗೆ ಶೌಚಾಲಯ ಇದೆ, ನಮಗಿಲ್ಲ. ಮಕ್ಕಳದ್ದಕ್ಕೆ ಹೋಗಲು ಮುಜುಗರ, ಬಾಗಿಲ ಚಿಲಕವೂ ಸರಿಯಿಲ್ಲ. ಬೆಳಿಗ್ಗೆ ಮನೆ ಬಿಟ್ಟ ಮೇಲೆ ಸಂಜೆವರೆಗೆ ನೀರು ಕುಡಿಯುವುದಿಲ್ಲ. ಒಬ್ಬರಿಗೆ ಪದೇ ಪದೇ ಉರಿಮೂತ್ರ. — ಚಾಮರಾಜನಗರ ಜಿಲ್ಲೆ

ಉತ್ತರ: ನೀರು ಕುಡಿಯದಿರುವುದನ್ನು ನಮ್ಮ ಹೆಣ್ಣುಮಕ್ಕಳು ಒಂದು ಜಾಣ್ಮೆ ಎಂಬಂತೆ ಹೇಳಿಕೊಳ್ಳುತ್ತಾರೆ. ಹೊಸದಾಗಿ ಸೇರಿದವಳಿಗೆ ಹಿರಿಯಳು ಅದನ್ನೇ ಕಲಿಸುತ್ತಾಳೆ. ಮೂತ್ರ ಕಟ್ಟಿಕೊಂಡರೆ ಸೋಂಕು ಒಳಗೇ ಬೆಳೆಯುತ್ತದೆ, ಮೂತ್ರಕೋಶದಿಂದ ಮೂತ್ರಪಿಂಡಕ್ಕೆ ಏರುತ್ತದೆ. ನೀರು ಕಡಿಮೆಯಾದರೆ ಕಲ್ಲು. ಗರ್ಭಿಣಿಯಾದರೆ ಅಪಾಯ ಇಬ್ಬರಿಗೆ. ಮೇಲಿನ ಪತ್ರದ ದನಿಯ ತೊಂದರೆಗೂ ಒಣಗಿದ ಗಂಟಲು ಒಂದು ಕಾರಣವಾಗಿರಬಹುದು. ಪದೇ ಪದೇ ಉರಿಮೂತ್ರ ಆಗುವವರು ಅಂಗಡಿಯಲ್ಲಿ ಮಾತ್ರೆ ಕೇಳಿ ನುಂಗದೆ ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಲಿ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ನಾನು ಬೆರಳಿಟ್ಟು ಓದಿದ್ದೇನೆ. ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಪ್ರತ್ಯೇಕ ಶೌಚಾಲಯ, ಕುಡಿಯುವ ನೀರು, ಅಡುಗೆಮನೆ, ಆಟದ ಬಯಲು, ಬೇಲಿ ಎಲ್ಲ ಇದೆ. ಶಿಕ್ಷಕರ ಬಗ್ಗೆ ವಾರಕ್ಕೆ 45 ಗಂಟೆ ಕೆಲಸ ಎಂದಿದೆ, ತಯಾರಿಯ ಹೊತ್ತೂ ಸೇರಿ. ಆ 45 ಗಂಟೆಯಲ್ಲಿ ಅವರು ಎಲ್ಲಿಗೆ ಹೋಗಬೇಕು ಎಂಬುದಿಲ್ಲ. ಕಾಯ್ದೆ ಬೇಡವೆಂದೂ ಹೇಳಿಲ್ಲ, ಆದ್ದರಿಂದ ದಾರಿ ಮುಚ್ಚಿಲ್ಲ. ಇಂದೇ ಆಗುವ ಕೆಲಸ ಚಿಲಕ, ಒಂದು ಬಕೆಟ್, ಮುಚ್ಚಳದ ಕಸದ ಡಬ್ಬಿ. ಸಮಗ್ರ ಶಿಕ್ಷಣದ ಶಾಲಾ ಅನುದಾನದಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೇ ಖರ್ಚಾಗಬೇಕು, ಅದರಲ್ಲಿ ಇಷ್ಟಾಗುತ್ತದೆ. ಸಿಬ್ಬಂದಿಗೆ ಪ್ರತ್ಯೇಕ ಶೌಚಾಲಯ ಬೇಕೆಂಬುದನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ಬರೆಸಿ, ಪ್ರತಿಯನ್ನು ಗ್ರಾಮ ಪಂಚಾಯಿತಿಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೂ ಕೊಡಿ. ಸಭೆಯಲ್ಲಿರುವ ಗಂಡಸರ ಎದುರು ಹೇಳಲು ನಾಚಿಕೆಯಾದರೆ ಮೂವರೂ ಸಹಿ ಹಾಕಿದ ಕಾಗದ ಕೊಡಿ, ಎಸ್‌ಡಿಎಂಸಿಯ ತಾಯಂದಿರು ಓದುತ್ತಾರೆ. ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ: ಅಕ್ಕೋರೆ, ಹೈಸ್ಕೂಲಿಗೆ ವಿಜ್ಞಾನ ಶಿಕ್ಷಕಿಯಾಗಿ ಈ ವರ್ಷ ಬಂದೆ. ಪ್ರಯೋಗಾಲಯದ ಬೀರು ಸ್ವಚ್ಛ ಮಾಡುವಾಗ ಪಾದರಸದ ಹಳೇ ಸೀಸೆ ಬಿದ್ದು ಒಡೆಯಿತು. ಅಟೆಂಡರ್ ಪೊರಕೆಯಲ್ಲಿ ಗುಡಿಸಿ, ಉಳಿದದ್ದನ್ನು ಕೈಯಲ್ಲೇ ಒಟ್ಟು ಮಾಡಿದರು. ನಾನು ನಾಲ್ಕು ತಿಂಗಳ ಗರ್ಭಿಣಿ. ಅದೇ ಕೋಣೆಯಲ್ಲಿ ದಿನಕ್ಕೆ ಮೂರು ಪೀರಿಯಡ್ ಇದೆ. ಹೆದರಬೇಕೇ? — ಉತ್ತರ ಕನ್ನಡ

ಉತ್ತರ: ಮೊದಲು ಆ ಕೋಣೆಯಲ್ಲಿ ಪಾಠ ನಿಲ್ಲಿಸಿ. ಜಗಲಿಯಲ್ಲಿ ಮಾಡಿ, ಮರದಡಿ ಮಾಡಿ, ಆದರೆ ಶುದ್ಧವಾಗುವವರೆಗೆ ನೀವು ಒಳಗೆ ಹೋಗಬೇಡಿ. ನಿಮ್ಮನ್ನು ನೋಡುತ್ತಿರುವ ಪ್ರಸೂತಿ ವೈದ್ಯರಿಗೆ ನಡೆದದ್ದನ್ನು ತಾರೀಕು ಸಮೇತ ಹೇಳಿ, ಪರೀಕ್ಷೆ ಬೇಕೋ ಬೇಡವೋ ಅವರು ನಿರ್ಧರಿಸುತ್ತಾರೆ. ಒಂದು ದಿನ ಸ್ವಲ್ಪ ಹೊತ್ತು ಅಲ್ಲಿದ್ದ ಮಾತ್ರಕ್ಕೆ ಕೆಟ್ಟದ್ದಾಗುವುದು ಅಪರೂಪ, ಧೈರ್ಯವಾಗಿರಿ. ನನಗಿರುವ ಆತಂಕ ದಿನಕ್ಕೆ ಮೂರು ಪೀರಿಯಡ್‌ನದು.

ಪಾದರಸ ಕೋಣೆಯ ಸಾಮಾನ್ಯ ಶಾಖದಲ್ಲೇ ಆವಿಯಾಗುತ್ತದೆ. ಆ ಆವಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಉಸಿರಿನಲ್ಲಿ ಹೋದದ್ದು ರಕ್ತಕ್ಕೂ ಮಿದುಳಿಗೂ ಸೇರುತ್ತದೆ, ಹೊಟ್ಟೆಯಲ್ಲಿರುವ ಮಗುವನ್ನೂ ತಲುಪುತ್ತದೆ. ಪೊರಕೆ ಹಾಕಿದಾಗ ದೊಡ್ಡ ಹನಿ ನೂರು ಸಣ್ಣ ಹನಿಯಾಗಿ ಒಡೆದು ಸಂದುಗಳಿಗೆ ಸೇರುತ್ತದೆ, ಆವಿಯಾಗುವ ಮೈ ಹೆಚ್ಚುತ್ತದೆ. ನಮಗೆ ಕಲಿಸಿದವರು ಪಾದರಸವನ್ನು ಅಂಗೈಯಲ್ಲಿ ಉರುಳಿಸಿ ತೋರಿಸುತ್ತಿದ್ದರು, ಮಕ್ಕಳ ಕೈಗೂ ಹಾಕುತ್ತಿದ್ದರು. ಅವರಿಗೆ ಯಾರೂ ಹೇಳಿರಲಿಲ್ಲ. 1956ರಲ್ಲಿ ಜಪಾನಿನ ಮಿನಮಾತದಲ್ಲಿ ಒಂದು ಹೊಸ ಕಾಯಿಲೆ ಪತ್ತೆಯಾಯಿತು, ಅದಕ್ಕೆ ಪಾದರಸದ ವಿಷವೇ ಕಾರಣವೆಂದು ಆಮೇಲೆ ಜಗತ್ತಿಗೆ ಗೊತ್ತಾಯಿತು. ಅಲ್ಲಿ ಮೀನಿನ ಮೂಲಕ ಹೋದದ್ದು ಪಾದರಸದ ಇನ್ನೊಂದು ರೂಪ. ಆ ಊರಿನ ಹೆಸರಿನ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 2018ರಲ್ಲಿ ಸ್ಥಿರೀಕರಿಸಿತು. ಆ ಸುದ್ದಿ ನಮ್ಮ ಹೈಸ್ಕೂಲುಗಳ ಬೀರುಗಳಿಗೆ ಇನ್ನೂ ಮುಟ್ಟಿಲ್ಲ.

ಶುದ್ಧ ಮಾಡುವ ಕೆಲಸವನ್ನು ನೀವಲ್ಲದ ಒಬ್ಬ ವಯಸ್ಕರು ಮಾಡಲಿ, ಮಕ್ಕಳಂತೂ ಬೇಡ. ಕಿಟಕಿ ಎಲ್ಲ ತೆರೆದು, ಫ್ಯಾನ್ ಹಾಕದೆ, ರಬ್ಬರ್ ಕೈಗವಸು ತೊಟ್ಟು, ಉಂಗುರ ಬಳೆ ತೆಗೆದಿಡಬೇಕು, ಪಾದರಸ ಚಿನ್ನವನ್ನು ತಿನ್ನುತ್ತದೆ. ಕೋಣೆಯನ್ನು ಕತ್ತಲು ಮಾಡಿ ಟಾರ್ಚನ್ನು ನೆಲಕ್ಕೆ ಅಡ್ಡವಾಗಿ ಹಿಡಿದರೆ ಅಡಗಿದ ಹನಿಗಳೆಲ್ಲ ಹೊಳೆಯುತ್ತವೆ. ಎರಡು ದಪ್ಪ ರಟ್ಟಿನ ನಡುವೆ ಕೂಡಿಸಿ, ಇಂಕ್ ಫಿಲ್ಲರಿನಿಂದ ಹೀರಿ, ನೀರು ಹಾಕಿದ ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಬಿಟ್ಟು ಮುಚ್ಚಿ. ಪುಡಿಹನಿಗಳನ್ನು ಅಂಟುಪಟ್ಟಿಯಲ್ಲಿ ಎತ್ತಿ. ಸಂದುಗಳಿಗೆ ಗಂಧಕದ ಪುಡಿ ಉದುರಿಸಿ, ನಿಮ್ಮ ಬೀರುವಿನಲ್ಲೇ ಇರುತ್ತದೆ. ಸಿಂಕಿಗೆ ಸುರಿಯಬೇಡಿ, ಬಚ್ಚಲಿಗೂ ಬೇಡ, ಕಸದ ಗುಂಡಿಗೂ ಬೇಡ. ಬಾಟಲಿಗೆ ಚೀಟಿ ಅಂಟಿಸಿ ಬೀಗದಲ್ಲಿಟ್ಟು, ವಿಲೇವಾರಿಗಾಗಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಮ್ಮ ಭಾಗದ ಕಚೇರಿಗೆ ಮುಖ್ಯ ಶಿಕ್ಷಕರಿಂದ ಪತ್ರ ಬರೆಸಿ. ಗುಡಿಸಿದ ಪೊರಕೆಯನ್ನೂ ಅದರೊಂದಿಗೇ ಕಟ್ಟಿಡಿ. ಕೈಯಲ್ಲಿ ಬಳಿದ ಆ ಅಟೆಂಡರಿಗೂ ವೈದ್ಯರನ್ನು ಕಾಣಲು ಹೇಳಿ. ಇಂಥ ಪತ್ರಗಳಲ್ಲಿ ಅಟೆಂಡರ್, ಅಡುಗೆಯವರು, ಕಸಗುಡಿಸುವವರು ಅಪಾಯದ ಕೆಲಸ ಮಾಡಿ ವಾಕ್ಯದಿಂದ ಹೊರಗೆ ಹೋಗಿಬಿಡುತ್ತಾರೆ. ಅವರಿಗೂ ಇದು ಕೆಲಸದ ಜಾಗವೇ.

ಬೀರು ತೆರೆದಿದ್ದೀರಿ, ಇನ್ನೆರಡು ನೋಡಿಬಿಡಿ. ಕಪ್ಪೆ, ಹಾವು ಹಾಕಿಟ್ಟ ಜಾಡಿಯ ಫಾರ್ಮಲಿನ್ ಕ್ಯಾನ್ಸರ್‌ಕಾರಕವೆಂದು ಸಾಬೀತಾದ ವಸ್ತು, ಮುಚ್ಚಳ ಸಡಿಲವಿದ್ದರೆ ನೀವು ತೆರೆಯಬೇಡಿ. ಆಮ್ಲದ ಸೀಸೆಗಳು ಮೇಲಿನ ಹಲಗೆಯಲ್ಲಿದ್ದರೆ ಕೆಳಗಿನದಕ್ಕೆ ಇಳಿಸಿ, ಕಣ್ಣೆತ್ತರಕ್ಕಿಂತ ಮೇಲೆ ಯಾವ ಆಮ್ಲವೂ ಇರಬಾರದು. ಇನ್ನೊಂದು ಮಾತು. ಹೆರಿಗೆಯ ನಿರೀಕ್ಷಿತ ದಿನಕ್ಕೆ ಆರು ವಾರ ಮೊದಲಿನ ಒಂದು ತಿಂಗಳಿನಲ್ಲಿ, ಗರ್ಭಿಣಿ ಕೇಳಿಕೊಂಡರೆ, ಬಹಳ ಹೊತ್ತು ನಿಲ್ಲುವ ಕೆಲಸ ಕೊಡಬಾರದೆಂದು 1961ರ ಹೆರಿಗೆ ಸೌಲಭ್ಯ ಕಾಯ್ದೆಯ 4ನೇ ಕಲಮು ಹೇಳಿತ್ತು, 2025ರಲ್ಲಿ ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದೇ ಇದೆ. ‘ಕೇಳಿಕೊಂಡರೆ’ ಎಂದಿದೆ, ಹಾಗಾಗಿ ಕೇಳಬೇಕು. ಪಾಠಕ್ಕೆ ಕುರ್ಚಿ ಹಾಕಿಕೊಂಡರೆ ಗೌರವ ಕಡಿಮೆಯಾಗುತ್ತದೆ ಎಂಬ ಮಾತಿಗೆ ಕಿವಿಗೊಡಬೇಡಿ.

ಪ್ರಶ್ನೆ: ನಾನು ದೈಹಿಕ ಶಿಕ್ಷಕ. ನಮ್ಮ ಶಾಲೆಯ ಧ್ವಜಸ್ತಂಭ ಕಬ್ಬಿಣದ ಪೈಪು. ಆಗಸ್ಟ್ 15, ಜನವರಿ 26ಕ್ಕೆ ನೆಟ್ಟು ಆಮೇಲೆ ಕೀಳುತ್ತೇವೆ. ಪಕ್ಕದಲ್ಲೇ ವಿದ್ಯುತ್ ಲೈನ್ ಹೋಗಿದೆ. ಇಲ್ಲಿಯವರೆಗೆ ಏನೂ ಆಗಿಲ್ಲ. — ವಿಜಯಪುರ ಜಿಲ್ಲೆ

ಉತ್ತರ: ಗುರುಗಳೇ, 2019ರ ಆಗಸ್ಟ್ 18ರಂದು ಕೊಪ್ಪಳದ ವಿದ್ಯಾರ್ಥಿ ನಿಲಯವೊಂದರಲ್ಲಿ ಸ್ವಾತಂತ್ರ್ಯ ದಿನಕ್ಕೆ ನೆಟ್ಟ ಕಂಬವನ್ನು ತೆಗೆಯುವಾಗ ಅದು ವಿದ್ಯುತ್ ತಂತಿಗೆ ತಾಗಿ ಐದು ಹುಡುಗರು ತೀರಿಕೊಂಡರು. ಆ ಕಂಬ ನೆಟ್ಟ ದಿನ ಅಲ್ಲೂ ಏನೂ ಆಗಿರಲಿಲ್ಲ.

ಕಂಬದ ಉದ್ದ ಅಳೆಯಿರಿ. ನೆಟ್ಟ ಜಾಗದಿಂದ ಆ ಉದ್ದದಷ್ಟು ದೂರದೊಳಗೆ ಯಾವ ದಿಕ್ಕಿನಲ್ಲಾದರೂ ತಂತಿ ಇದ್ದರೆ ಆ ಜಾಗ ಬೇಡ, ಮೈದಾನದ ಇನ್ನೊಂದು ಮೂಲೆಗೆ ಹೋಗಿ. ಕಂಬ ನಿಂತಾಗಿನ ಅಂತರವನ್ನೇ ನೋಡುತ್ತೇವೆ, ಅದು ವಾಲುವಾಗಿನ ಅಂತರ ನೋಡುವುದಿಲ್ಲ. ಸಿಮೆಂಟಿನಲ್ಲಿ ಕೂರಿಸಿದ ಕಾಯಂ ಸ್ತಂಭವಾದರೆ ಎತ್ತುವ, ಇಳಿಸುವ ಕೆಲಸವೇ ಇರುವುದಿಲ್ಲ. ಎಲ್ಲಿಯೂ ಜಾಗವಿಲ್ಲದಿದ್ದರೆ ಲೈನ್ ಸ್ಥಳಾಂತರಕ್ಕೆ ನಿಮ್ಮ ಭಾಗದ ವಿದ್ಯುತ್ ಕಂಪನಿ ಹೆಸ್ಕಾಂನ ಉಪವಿಭಾಗಕ್ಕೆ ಬರೆಯಿರಿ. ಅಲ್ಲಿಯವರೆಗೆ ಕಂಬ ನೆಡುವ, ಕೀಳುವ ಹೊತ್ತಿಗೆ ಲೈನ್ ಬಂದ್ ಮಾಡಿಸಿ. 1912ಕ್ಕೆ ಫೋನ್ ಮಾಡಿದರೆ ದೂರು ದಾಖಲಾಗುತ್ತದೆ. ಮಕ್ಕಳ ಕೈಯಲ್ಲಿ ಈ ಕೆಲಸ ಮಾಡಿಸಬೇಡಿ. ನೀವೂ ಮಾಡಬೇಡಿ. ನೀವು ದೈಹಿಕ ಶಿಕ್ಷಕರಾದ್ದರಿಂದ ಎತ್ತುವ, ಹತ್ತುವ, ಹಗ್ಗ ಸಿಕ್ಕಿಸುವ ಕೆಲಸವೆಲ್ಲ ನಿಮ್ಮದೇ ಎಂದು ಎಲ್ಲರೂ ಭಾವಿಸಿರುತ್ತಾರೆ.

ಯಾರಿಗಾದರೂ ಹಿಡಿದುಕೊಂಡರೆ ಮುಟ್ಟಬೇಡಿ. ಮನೆಯ ಕರೆಂಟಾದರೆ ಮೇನ್ ತೆಗೆದು ಒಣ ಮರದಿಂದ ದೂಡಬಹುದು. ಹೊರಗಿನ ಹೈಟೆನ್ಷನ್ ತಂತಿಗೆ ಒಣ ಮರವೂ ಸಾಲದು, ಲೈನ್ ನಿಂತಿದೆ ಎಂದು ಖಚಿತವಾಗುವವರೆಗೆ ದೂರವೇ ಇರಬೇಕು. ಉಳಿಸಲು ಓಡಿದವರೇ ಸಾಯುವ ಅಪಘಾತ ಇದು. ಶಿಕ್ಷಕರು ಯೋಚಿಸದೆ ಓಡುತ್ತಾರೆ ಎಂಬುದು ನನಗೆ ಗೊತ್ತು, ಅದಕ್ಕೇ ಒತ್ತಿ ಬರೆಯುತ್ತಿದ್ದೇನೆ.

ಪ್ರಶ್ನೆ: ಬಿಸಿಯೂಟ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂದಿದೆ. ವಿಷ ಪರೀಕ್ಷೆಗೆ ನಮ್ಮನ್ನೇ ಇಟ್ಟಂತಾಯಿತಲ್ಲ ಎಂದು ಸ್ಟಾಫ್ ರೂಮಿನಲ್ಲಿ ಮಾತು ಬಂತು. ಹೀಗೆ ಕೇಳುವುದು ತಪ್ಪೇ? — ಚಿತ್ರದುರ್ಗ ಜಿಲ್ಲೆ

ಉತ್ತರ: ತಪ್ಪಲ್ಲ. ಬಡಿಸುವ ಮೊದಲು ಇಬ್ಬರು ಮೂವರು ವಯಸ್ಕರು, ಅವರಲ್ಲಿ ಒಬ್ಬ ಶಿಕ್ಷಕರಾದರೂ ರುಚಿ ನೋಡಬೇಕೆಂಬ ನಿಯಮ ಇದೆ, ಇರಲೂ ಬೇಕು. ಆದರೆ ನಾಲಿಗೆ ಕೊನೆಯ ಕಾವಲು. ಮೊದಲಿನ ಕಾವಲುಗಳೆಲ್ಲ ಬಿದ್ದ ಮೇಲೆ ಅದೊಂದರ ಮೇಲೆ ಭಾರ ಹಾಕುವುದು ಸರಿಯಲ್ಲ. 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಗಂಡಾಮನ್ ಗ್ರಾಮದ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಊಟದಲ್ಲಿ ಮೊನೊಕ್ರೋಟೊಫಾಸ್ ಎಂಬ ಕೀಟನಾಶಕ ಸೇರಿತ್ತು. ಎಣ್ಣೆಯ ವಾಸನೆ ಸರಿಯಿಲ್ಲವೆಂದು ಅಡುಗೆಯಾಕೆ ಹೇಳಿದ್ದರು, ಆ ಮಾತು ನಡೆಯಲಿಲ್ಲ. ಆಕೆಯೂ ಅದನ್ನೇ ಉಂಡು ಕಾಯಿಲೆ ಬಿದ್ದರು.

ಅಡುಗೆಯವರು ‘ಯಾಕೋ ಸರಿಯಿಲ್ಲ’ ಎಂದರೆ ಆ ದಿನ ಆ ಪದಾರ್ಥ ಬೇಡ, ಕಾರಣ ಆಮೇಲೆ ಹುಡುಕೋಣ. ದಾಸ್ತಾನು ಕೋಣೆಯಲ್ಲಿ ಇಲಿಪಾಷಾಣ, ಕಳೆನಾಶಕ, ಫಿನಾಯಿಲ್ ಯಾವುದೂ ಇರಬಾರದು, ಖಾಲಿ ಡಬ್ಬವೂ ಸಹ. ತೊಗರಿಬೇಳೆಯ ಚೀಲ ಬಿಚ್ಚುವಾಗ ನೀವೊಮ್ಮೆ ಹೋಗಿ ನೋಡಿ, ಮೂಸಿ. ಅಷ್ಟಾದ ಮೇಲೆ ರುಚಿ ನೋಡಲು ಹೆದರಬೇಕಾಗಿಲ್ಲ. ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ನಿಂತಿರುತ್ತದೆ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಎಲ್ಲರೂ ಹೊರಬಂದು 1906ಕ್ಕೆ ಫೋನ್ ಮಾಡಿ.

ಪ್ರಶ್ನೆ: ಕಟ್ಟಿಗೆ ಕೋಣೆಯಲ್ಲಿ ಹಾವು ಕಂಡಿದೆ. ಕಚ್ಚಿದರೆ ಮೇಲಕ್ಕೆ ಬಿಗಿಯಾಗಿ ಕಟ್ಟಬೇಕೇ? — ಚಿಕ್ಕಮಗಳೂರು ಜಿಲ್ಲೆ

ಉತ್ತರ: ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ. ಉಂಗುರ, ಬಳೆ, ಕಾಲುಂಗುರ ತೆಗೆದು, ಕಚ್ಚಿದ ಅಂಗ ಅಲ್ಲಾಡದಂತೆ ಇಟ್ಟು, ನಡೆಸದೆ, 108ರಲ್ಲೋ ಸಿಕ್ಕಿದ ಜೀಪಿನಲ್ಲೋ ಪ್ರತಿವಿಷ ಇರುವ ಆಸ್ಪತ್ರೆಗೆ ಒಯ್ಯಿರಿ. ಅದು ಯಾವ ಆಸ್ಪತ್ರೆಯಲ್ಲಿದೆ ಎಂದು ಇವತ್ತೇ ವಿಚಾರಿಸಿ ಗೋಡೆಗೆ ಬರೆದಿಡಿ. 2019ರ ನವೆಂಬರಿನಲ್ಲಿ ವಯನಾಡಿನ ಸುಲ್ತಾನ್ ಬತ್ತೇರಿಯ ಶಾಲೆಯಲ್ಲಿ ತರಗತಿಯ ನೆಲದ ಬಿಲದಲ್ಲಿದ್ದ ಹಾವು ಕಚ್ಚಿ ಬಾಲಕಿಯೊಬ್ಬಳು ತೀರಿಕೊಂಡಳು. ಬಿಲಗಳಿಗೆ ಈ ವಾರವೇ ಸಿಮೆಂಟ್ ಹಾಕಿಸಿ.

ಪ್ರಶ್ನೆ: ನನ್ನ ತಮ್ಮ ಕಾರ್ಖಾನೆಯಲ್ಲಿದ್ದಾನೆ. ಅವನಿಗೆ ಹೆಲ್ಮೆಟ್, ಬೂಟು, ಸೇಫ್ಟಿ ಆಫೀಸರ್, ತಿಂಗಳಿಗೊಂದು ತರಬೇತಿ. ನಾನು ಖಾಸಗಿ ಶಾಲೆಯ ಶಿಕ್ಷಕಿ, ತಿಂಗಳಿಗೆ 14,000 ಸಂಬಳ. ನನಗೆ ಯಾವ ಕಾನೂನು? — ತುಮಕೂರು

ಉತ್ತರ: ಕಾರ್ಖಾನೆ ಕಾಯ್ದೆ 1948ರಲ್ಲೇ ಬಂತು. ಸಾವಿರ ಕಾರ್ಮಿಕರಿದ್ದಲ್ಲಿ ಸುರಕ್ಷಾಧಿಕಾರಿ ಇರಬೇಕೆಂದು ಆಮೇಲೆ ಅದಕ್ಕೆ ಸೇರಿಸಿದರು. ಶಾಲೆ ಅದರೊಳಗೆ ಬರಲಿಲ್ಲ. ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಶಿಕ್ಷಕರು ಕಾರ್ಮಿಕರಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲಿ ಹೇಳಿತು. ಪಾಠ ಹೇಳುವುದು ಪವಿತ್ರ ವೃತ್ತಿ ಎಂಬ ಮನ್ನಣೆ ಆ ತೀರ್ಪಿನಲ್ಲಿತ್ತು. ಆ ಮನ್ನಣೆ ನಮ್ಮ ಬೆನ್ನುನೋವಿಗೆ ಮುಲಾಮಾಗಲಿಲ್ಲ.

ಹಾಗೆಂದು ನಿಮಗೆ ಏನೂ ಇಲ್ಲವೆಂದಲ್ಲ. 2004ರ ಜುಲೈ 16ರಂದು ಕುಂಭಕೋಣದ ಶಾಲೆಯಲ್ಲಿ ಅಡುಗೆಮನೆಯ ಬೆಂಕಿ ಗರಿಯ ಚಾವಣಿಗೆ ಹತ್ತಿ 94 ಮಕ್ಕಳು ಸತ್ತ ಮೇಲೆ ಒಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸುಪ್ರೀಂ ಕೋರ್ಟಿಗೆ ಹೋಯಿತು. 2009ರ ಏಪ್ರಿಲ್ 13ರ ತೀರ್ಪು ದೇಶದ ಎಲ್ಲ ಶಾಲೆಗಳಿಗೂ ಅನ್ವಯ, ಖಾಸಗಿಯಾದರೂ ಸರಿ. ಕಟ್ಟಡ ರಾಷ್ಟ್ರೀಯ ಕಟ್ಟಡ ಸಂಹಿತೆಗೆ ಒಪ್ಪಬೇಕು, ಬೆಂಕಿ ನಂದಿಸುವ ಸಾಧನ ಇರಬೇಕು, ಅದನ್ನು ಬಳಸಲು ಶಿಕ್ಷಕರಿಗೂ ಸಿಬ್ಬಂದಿಗೂ ತರಬೇತಿ ಆಗಬೇಕು. ನಿಮಗೆ ತರಬೇತಿ ಆಗಿದೆಯೇ? ಆಗಿಲ್ಲದಿದ್ದರೆ ಆಡಳಿತ ಮಂಡಳಿಯನ್ನು ಈ ತೀರ್ಪಿನ ಆಧಾರದ ಮೇಲೆಯೇ ಕೇಳಬಹುದು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಶಾಲೆಗೂ ಅನ್ವಯ. ಹತ್ತು ಅಥವಾ ಹೆಚ್ಚು ಸಿಬ್ಬಂದಿ ಇದ್ದಲ್ಲಿ ಆಂತರಿಕ ಸಮಿತಿ ಇರಬೇಕು, ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು, ಘಟನೆಯ ಮೂರು ತಿಂಗಳೊಳಗೆ. ನಿಮ್ಮ ಸಂಬಳ ನೌಕರರ ಆರೋಗ್ಯ ವಿಮೆಯಾದ ಇಎಸ್‌ಐನ 21,000 ರೂಪಾಯಿ ಮಿತಿಯೊಳಗಿದೆ. ಸಂಸ್ಥೆ ನೋಂದಾಯಿಸಿದೆಯೇ, ನಿಮ್ಮ ಸಂಖ್ಯೆ ಏನು ಎಂದು ಕಚೇರಿಯಲ್ಲಿ ಕೇಳಿ.

ಕೇಳಿದರೆ ಸಿಗುತ್ತದೆಯೇ ಎನ್ನುವಿರಿ. ಒಂದು ಸಂಗತಿ ಹೇಳುತ್ತೇನೆ. ಕೆಲಸ ಬಿಡುವಾಗ ಸಿಗುವ ಇಡಿಗಂಟಿನ ಗ್ರಾಚ್ಯುಟಿ ಕಾಯ್ದೆಯ ಪ್ರಕಾರ ಶಿಕ್ಷಕರು ‘ಉದ್ಯೋಗಿ’ಗಳಲ್ಲ ಎಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2009ರಲ್ಲಿ ಸಂಸತ್ತು ಕಾಯ್ದೆಯನ್ನೇ ತಿದ್ದಿ, 1997ರ ಏಪ್ರಿಲ್ 3ರಿಂದಲೇ ಜಾರಿಯೆಂದಿತು. ಖಾಸಗಿ ಶಾಲೆಗಳ ಆಡಳಿತದವರು ಅದರ ವಿರುದ್ಧ ಹೋದರು, 2022ರಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆರೋಗ್ಯ, ಸುರಕ್ಷತೆಯ ವಿಷಯದಲ್ಲೂ ಕಾನೂನು ಹಾಗೆ ಬದಲಾಗಬಲ್ಲದು. ಸುರಕ್ಷಿತ, ಆರೋಗ್ಯಕರ ಕೆಲಸದ ಜಾಗ ದುಡಿಯುವವರ ಮೂಲಭೂತ ಹಕ್ಕುಗಳಲ್ಲೊಂದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2022ರ ಜೂನ್‌ನಲ್ಲಿ ಸಾರಿದೆ. ಆ ಸಾಲಿನಲ್ಲಿ ಶಿಕ್ಷಕರನ್ನು ಹೊರಗಿಟ್ಟಿಲ್ಲ. ನಮ್ಮ ತರಬೇತಿ ಕಾಲೇಜುಗಳಲ್ಲಿ ಮಕ್ಕಳ ಮನಶ್ಶಾಸ್ತ್ರಕ್ಕೆ ಒಂದು ಇಡೀ ಪತ್ರಿಕೆ ಇದೆ. ಶಿಕ್ಷಕಿಯ ಗಂಟಲು, ಸೊಂಟ, ಕಾಲಿನ ನರ, ಕಣ್ಣಿನ ಬಗ್ಗೆ ಒಂದು ಅಧ್ಯಾಯವಾದರೂ ಬೇಕು.

ಪ್ರಶ್ನೆ: ಅಕ್ಕಾರ, ಎಲ್ಲಾ ಖರೆ. ಆದ್ರ ನಾವು ಬರೆದುಕೊಟ್ರ ‘ಇವರು ತಕರಾರಿನವರು’ ಅಂತ ಹೆಸರು ಬರ್ತದ. ನಮ್ಮ ತರಗತಿ ಗ್ವಾಡಿ ಬಿರುಕು ಬಿಟ್ಟು ಎರಡು ಮಳಿಗಾಲ ಆತು. ಬಾಯಿಲೆ ಹೇಳಿ ಹೇಳಿ ಸಾಕಾಗೇದ. — ಧಾರವಾಡ ಜಿಲ್ಲೆ

ಉತ್ತರ: ಸರ್, ಬಾಯಿಲೆ ಹೇಳಿದ್ದು ಎರಡು ಮಳೆಗಾಲ ಕಳೆದರೂ ಕಾಗದಕ್ಕೆ ಬಂದಿಲ್ಲ. ನಾಳೆ ಗೋಡೆ ಬಿದ್ದರೆ ಮೊದಲು ಕೇಳುವುದು ‘ಶಿಕ್ಷಕರು ಯಾಕೆ ತಿಳಿಸಲಿಲ್ಲ’ ಎಂದೇ. ಮೇಲೆ ಹೇಳಿದ, ಹಾವು ಕಚ್ಚಿದ ಬತ್ತೇರಿಯ ಶಾಲೆಯಲ್ಲೂ ಶಿಕ್ಷಕರ ಮೇಲೆ ಅಮಾನತು ಕ್ರಮ ಆಯಿತು. ಕಾಗದ ನಿಮ್ಮನ್ನೂ ಕಾಯುತ್ತದೆ.

ತಕರಾರಿನವರು ಅನಿಸಿಕೊಳ್ಳದೆ ಬರೆಯುವುದು ಸಾಧ್ಯ. ಒಬ್ಬರೇ ಬರೆಯಬೇಡಿ, ಸಿಬ್ಬಂದಿ ಎಲ್ಲರೂ ಸಹಿ ಮಾಡಿ, ಅಡುಗೆಯವರೂ ಸೇರಲಿ. ಯಾರನ್ನೂ ದೂರಬೇಡಿ, ಕಂಡದ್ದನ್ನು ಮಾತ್ರ ಬರೆಯಿರಿ. ಬಿರುಕಿನ ಎರಡು ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಹಾಕಿ, ಅಳತೆಪಟ್ಟಿ ಹಿಡಿದು ಫೋಟೊ ತೆಗೆಯಿರಿ. ತಿಂಗಳ ನಂತರ ಮತ್ತೆ. ಬಿರುಕು ಗೆರೆ ದಾಟಿದ್ದರೆ ಅದನ್ನು ಅಲ್ಲಗಳೆಯಲು ಯಾರಿಗೂ ಆಗುವುದಿಲ್ಲ. ಕಚೇರಿಯಲ್ಲಿ ಒಂದು ನೋಟ್‌ಬುಕ್ ಇಟ್ಟು ಜಾರಿಬಿದ್ದದ್ದು, ಶಾಕ್ ಹೊಡೆದದ್ದು, ಚಾವಣಿಯ ಸಿಮೆಂಟು ಉದುರಿದ್ದು, ಯಾರಿಗೂ ಪೆಟ್ಟಾಗದಿದ್ದರೂ ಸರಿ, ಅಂದಂದೇ ಬರೆದಿಡಿ. ಪತ್ರ ಹೀಗಿರಲಿ:

‘ಮಾನ್ಯರೇ, ನಮ್ಮ ಶಾಲೆಯ 4ನೇ ತರಗತಿ ಕೋಣೆಯ ಉತ್ತರದ ಗೋಡೆಯಲ್ಲಿ ಇಷ್ಟು ಉದ್ದ, ಇಷ್ಟು ಅಗಲದ ಬಿರುಕು ಇದೆ. ಇಂಥ ತಾರೀಕಿನಿಂದ ಇಂಥ ತಾರೀಕಿಗೆ ಇಷ್ಟು ಬೆಳೆದಿದೆ. ಫೋಟೊ ಲಗತ್ತಿಸಿದೆ. ಈ ಕೋಣೆಯಲ್ಲಿ ಇಷ್ಟು ಮಕ್ಕಳೂ ಒಬ್ಬ ಶಿಕ್ಷಕರೂ ದಿನಕ್ಕೆ ಆರು ಗಂಟೆ ಇರುತ್ತಾರೆ. ಎಂಜಿನಿಯರಿಂದ ಪರಿಶೀಲನೆ ಮಾಡಿಸಬೇಕೆಂದೂ, ವರದಿ ಬರುವವರೆಗೆ ಕೋಣೆಯನ್ನು ಮುಚ್ಚಿ ಮಕ್ಕಳನ್ನು 5ನೇ ತರಗತಿಯೊಂದಿಗೆ ಕೂರಿಸಲು ಅನುಮತಿ ನೀಡಬೇಕೆಂದೂ ಕೋರುತ್ತೇವೆ.’

ಮುಖ್ಯ ಶಿಕ್ಷಕರ ಮೂಲಕ ಬಿಇಒ ಅವರಿಗೆ, ಒಂದು ಪ್ರತಿ ಎಸ್‌ಡಿಎಂಸಿ ಅಧ್ಯಕ್ಷರಿಗೆ, ಒಂದು ಗ್ರಾಮ ಪಂಚಾಯಿತಿಗೆ. ಕಚೇರಿಯಲ್ಲಿ ಸ್ವೀಕೃತಿ ಮುದ್ರೆ, ಆವಕ ಸಂಖ್ಯೆ, ತಾರೀಕು ಹಾಕಿಸಿಕೊಂಡು ನಿಮ್ಮ ಪ್ರತಿಯನ್ನು ಮನೆಯಲ್ಲಿಡಿ. ಮಳೆ ಶುರುವಾಗುವ ಮೊದಲೇ ಕೊಡಿ, ಉತ್ತರ ಬಂದರೆ ನನಗೂ ತಿಳಿಸಿ.